ಒಂಬತ್ತು ಮಂದಿಯ ಜಾಮೀನು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ತವರಿನಲ್ಲೂ ಅನ್ನುತ್ತಿದ್ದರು. ಅದಕ್ಕೇ ಇರಬೇಕು, ಇಳಕಲ್ಲಿನ ನಮ್ಮ ನೇಕಾರರ ಓಣಿಯಲ್ಲಿ ಹತ್ತು ಹೆಂಗಸರು ಸೇರಿ ಸಾಲದ ಸಂಘ ಕಟ್ಟಿದಾಗ ನನ್ನನ್ನೇ ಮುಖ್ಯಸ್ಥೆ ಮಾಡಿದರು. ಆ ಸಾಲವನ್ನು ಬರೀ ಬೈಯಲಾರೆ. ಒತ್ತೆ ಇಡಲು ಗುಂಜಿ ಬಂಗಾರವಿಲ್ಲದ ನಮ್ಮನ್ನು ಬ್ಯಾಂಕಿನವರು ಬಾಗಿಲಲ್ಲೂ ನಿಲ್ಲಿಸಿಕೊಳ್ಳುತ್ತಿರಲಿಲ್ಲ. ಸಣ್ಣಸಾಲದ ಕಂಪನಿಯವರು ಮನೆಗೇ ಬಂದು ಕೊಟ್ಟರು. ಒಬ್ಬಳು ಹೊಲಿಗೆ ಯಂತ್ರ ತಂದಳು, ಇನ್ನೊಬ್ಬಳು ಖಾನಾವಳಿ ಹಾಕಿದಳು. ಒತ್ತೆಯ ಬದಲು ಅವರು ಕೇಳಿದ್ದು ಒಂದೇ: ಒಬ್ಬಳ ಕಂತು ತಪ್ಪಿದರೆ ಉಳಿದ ಒಂಬತ್ತು ಮಂದಿ ತುಂಬಬೇಕು. ನಗುನಗುತ್ತ ಸಹಿ ಹಾಕಿದೆವು.

ವಾರವಾರವೂ ಮಂಗಳವಾರ ಕಂತು ಕಟ್ಟುವ ದಿನ. ಆ ಮಂಗಳವಾರ ಸಂಘದವಳೇ ಆದ ನನ್ನ ಪಕ್ಕದ ಮನೆಯವಳು ಬರಲಿಲ್ಲ. ಹಿಂದಿನ ಎರಡು ವಾರವೂ ಅವಳ ಪಾಲನ್ನು ನಾವೇ ತುಂಬಿದ್ದೆವು. ನನಗಿಂತ ದೊಡ್ಡವಳು, ಮದುವೆಯಾಗಿ ಈ ಊರಿಗೆ ಬಂದ ನನಗೆ ಮಗ್ಗ ಕಲಿಸಿದವಳು. ಕಂಪನಿಯ ವಸೂಲಿಯವನು ಕುರ್ಚಿ ಬಿಟ್ಟು ಏಳಲಿಲ್ಲ, ನಮ್ಮನ್ನೂ ಏಳಗೊಡಲಿಲ್ಲ.

“ನಾ ಏನೂ ಅನ್ನಂಗಿಲ್ರಿ. ಆಕಿ ಬರೂತನಾ ಎಲ್ಲಾರೂ ಕೂಡ್ರಿ,” ಎಂದು ಮೊಬೈಲು ನೋಡುತ್ತ ಕುಳಿತ.

ಹನ್ನೆರಡು ಹೊಡೆಯಿತು. ಅಡುಗೆಯಿಲ್ಲ, ಕೆಲಸವಿಲ್ಲ. ನನ್ನ ತಲೆ ಕೆಟ್ಟಿತು. ಸೆರಗು ಸಿಕ್ಕಿಸಿ ಎದ್ದು ಅವಳ ಮನೆಗೆ ನಡೆದೆ, ಉಳಿದವರೂ ಬೆನ್ನು ಹತ್ತಿದರು.

ಅವಳು ಮಗ್ಗದ ಕುಣಿಯಲ್ಲಿ, ನೆಲದ ತಗ್ಗಿಗೆ ಕಾಲು ಇಳಿಬಿಟ್ಟು ಕುಳಿತು ನೇಯುತ್ತಿದ್ದಳು.

“ಎರಡ ಮೊಳ ಬಾಕಿ ಐತಿ ತಂಗೀ. ನಾಳೆ ಸಂಜಿಕ ಸೀರಿ ಇಳೀತೈತಿ. ಕೂಲಿ ಬಂದ ಕೂಡ್ಲೆ ನಿನ್ನ ಕೈಯಾಗ ತಂದ ಇಡ್ತೇನಿ. ಒಂದ್ ದಿನ ತಡಕೋ.”

ಕೇಳಿದ್ದು ಒಂದೇ ದಿನ. ನಾನು ಕಪಾಳಕ್ಕೆ ಹೊಡೆದೆ. ತುರುಬು ಹಿಡಿದು ಕುಣಿಯಿಂದ ಮೇಲಕ್ಕೆಳೆದೆ. ಅವಳು ಕೈಯಲ್ಲಿದ್ದ ಲಾಳಿ ಬೀಸಿದಳು. ನನ್ನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅವಳ ಬಾಣಂತನ ಮಾಡಿದವಳೇ ಅವಳ ಬೆನ್ನಿಗೆ ಒದ್ದಳು. ಇನ್ನೊಬ್ಬಳು ಅವಳ ಮನೆಯ ಹಿತ್ತಾಳೆ ಕೊಡ ಹೊತ್ತುಕೊಂಡು ಹೊರಟಳು. ಪಕ್ಕದ ಮನೆಯವಳು ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಅಡ್ಡಬಿದ್ದಳು.

“ನನ್ನ ಬಡೀರಿ, ಹಾಸು ಮುಟ್ಟಬ್ಯಾಡ್ರಿ! ನೂಲು ಸಾವಕಾರಂದು!”

ನೂಲು ಕೊಟ್ಟು ಕೂಲಿಗೆ ನೇಯಿಸುವ ಸಾವಕಾರ ಅದು ಕೆಟ್ಟರೆ ಅವಳನ್ನು ಬಿಡುವವನಲ್ಲ; ಆ ಮಾತೇ ನನಗೆ ದಾರಿ ತೋರಿಸಿತು. ಇಬ್ಬರು ಅವಳನ್ನು ಎತ್ತಿ ಗೋಡೆಗೆ ಒತ್ತಿಹಿಡಿದರು, ನಾನು ಕತ್ತರಿ ತೆಗೆದುಕೊಂಡೆ. ಎಲ್ಲಿ ಕೊಯ್ದರೆ ಸೀರೆ ಸಾಯುತ್ತದೆಂದು ನನಗೆ ಗೊತ್ತಿತ್ತು. ಕೊಯ್ದೆ. ಆಗ ಖುಷಿಯಾಯಿತು, ಸುಳ್ಳು ಬರೆಯುವುದಿಲ್ಲ.

ಅವಳ ಕಂತನ್ನು ಅವತ್ತೂ ನಾವೇ ತುಂಬಿದೆವು. ಸಾವಕಾರ ನೂಲಿನ ನಷ್ಟಕ್ಕೆಂದು ಅವಳ ಮಗ್ಗವನ್ನೇ ಬಿಚ್ಚಿಸಿ ಒಯ್ದ. ಒಂದು ಕಂತೂ ತಪ್ಪಿಸದ ಸಂಘವೆಂದು ಕಂಪನಿಯವರು ನಮಗೆ ಇನ್ನೂ ದೊಡ್ಡ ಸಾಲ ಕೊಟ್ಟರು. ಈಗ ನಮ್ಮ ಮನೆಯಲ್ಲಿ ಎರಡು ಪಾವರ್‌ಲೂಮು ಓಡುತ್ತವೆ, ಮಗಳು ಬಾಗಲಕೋಟೆಯಲ್ಲಿ ಕಾಲೇಜು ಓದುತ್ತಾಳೆ. ಸಾಲದಿಂದ ಮುಂದೆ ಬಂದವರು ಯಾರೆಂದು ಕೇಳಿದರೆ ಓಣಿಯವರು ನನ್ನ ಮನೆಯನ್ನೇ ತೋರಿಸುತ್ತಾರೆ.

ಆ ಎರಡರಲ್ಲಿ ಒಂದು ಲೂಮಿನ ಮುಂದೆ ಕೂಲಿಗೆ ನಿಲ್ಲುವವಳು ಆ ಪಕ್ಕದ ಮನೆಯವಳೇ. ಹೋದ ತಿಂಗಳು ತಡೆಯಲಾರದೆ, ನಡುಮಧ್ಯಾಹ್ನ ಎಲ್ಲರೆದುರೇ ಅವಳ ಕಾಲು ಹಿಡಿದೆ. ಬೈದಿದ್ದರೆ, ಒದ್ದಿದ್ದರೆ ಬದುಕುತ್ತಿದ್ದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

“ಏಳ್ರಿ,” ಅಂದಳು. “ನೀವು ಮಾಲಕರು. ನನ್ನ ಕಾಲು ಹಿಡೀಬಾರ್ದು.”