ಜುಲೈನ ಕೋಟಾ ಮತ್ತು ನಾಲ್ಕು ಇಟ್ಟಿಗೆ

ತಡೀರಿ ಮಕ್ಕಳೇ, ಎದ್ದು ಹೋಗಬೇಡಿ. ಐದನೇ ಕ್ಲಾಸಿನ ಹುಡುಗನೊಬ್ಬ ಮುಂಬಯಿಯ ಜುಲೈ ತಿಂಗಳನ್ನು ಒಂದು ವಾರ ಮೊದಲೇ ಮುಗಿಸಿಬಿಟ್ಟಿದ್ದ. ಆ ಜಾಣ ನಾನೇ.

ನಾನು ಚಿಕ್ಕವನಿದ್ದಾಗ, ಅಂದರೆ ಹತ್ತು ಹನ್ನೊಂದು ವರ್ಷದ ಹಿಂದೆ (ನಗಬೇಡಿ, ನಿಮ್ಮ ಎದುರು ನಾನು ಅಜ್ಜನೇ), ನಾವು ಭಾಂಡುಪ್‌ನ ಗುಡ್ಡದ ಬುಡದಲ್ಲಿ ಸಾಲು ಖೋಲಿಗಳ ಒಂದು ಚಾಳಿನಲ್ಲಿದ್ದೆವು. ಒಂದೇ ಖೋಲಿ, ತಲೆಯ ಮೇಲೆ ತಗಡು, ಬಾಗಿಲ ಮುಂದೆ ಕೊಳಚೆ ಹರಿಯುವ ನಾಲಾ. ಅಪ್ಪ ಅವ್ವ ಇಬ್ಬರೂ ಬಿಲ್ಡಿಂಗ್ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದರು. ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಅವಳ ಮಷಿನ್ ಯಾವುದೋ ಮುಚ್ಚಿಹೋದ ಕಾರ್ಖಾನೆಯದು. ಟೇಬಲ್ಲಿನ ಕೆಳಗೆ ಒಂದು ಕಪ್ಪು ಮೋಟಾರ್ ತೂಗುತ್ತಿತ್ತು. ಅದು ಗುಂಯ್ ಎನ್ನುತ್ತಿದ್ದರೆ ಅಕ್ಕನ ಮುಖದಲ್ಲಿ ಗೆಲುವು, ನಿಂತರೆ ಸಿಡುಕು.

ಮಳೆಯೆಂದರೆ ಭಜಿ, ಚಹಾ ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು. ನಮ್ಮ ಚಾಳಿಗೆ ಹವಾಮಾನ ಎನ್ನುವುದೇ ವೈರಿ. ಮಾರ್ಚ್ ಬಂತೆಂದರೆ ತಗಡು ಕಾದು ಬೆನ್ನಿನ ತುಂಬ ಬೆವರುಸಾಲೆ. ಒಂದು ಮೇ ತಿಂಗಳಲ್ಲಿ ಧೂಳಿನ ಬಿರುಗಾಳಿ ನಮ್ಮ ತಗಡನ್ನೇ ಕಿತ್ತು ನಾಲಾಕ್ಕೆ ಎಸೆದಿತ್ತು. ಜೂನ್‌ನಲ್ಲಿ ಗೋಡೆ ಬೆವರಿ, ಚಾದರಕ್ಕೆ ಹುಳಿ ವಾಸನೆ. ಜುಲೈ ಎಲ್ಲಕ್ಕಿಂತ ದುಷ್ಟ. ತಗಡಿನ ಮೇಲೆ ಯಾರೋ ಜಲ್ಲಿ ಸುರಿದ ಹಾಗೆ ಸದ್ದು. ಅಕ್ಟೋಬರ್ ಬಂದರೆ ಮತ್ತೆ ಕುದಿ.

ವೈರಿಯ ಮೇಲೆ ಕಣ್ಣಿಡಬೇಕಲ್ಲ? ನಾನೊಂದು ಬಾಟಲಿಯ ಕುತ್ತಿಗೆ ಕತ್ತರಿಸಿ, ಕಂಪಾಸ್ ಬಾಕ್ಸಿನ ಪಟ್ಟಿ ಅಂಟಿಸಿ, ಛಾವಣಿಯ ಮೇಲೆ ಕಟ್ಟಿದೆ. ಯಾರೂ ಕಲಿಸಿದ್ದಲ್ಲ, ನಾನೇ ಕಂಡುಕೊಂಡದ್ದು. ದಿನಾ ಬೆಳಿಗ್ಗೆ ನೀರು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ತಿಂಗಳ ಕೊನೆಗೆ ಎಲ್ಲ ಕೂಡಿಸಿ ಕೆಳಗೊಂದು ಕೆಂಪು ಗೆರೆ.

ಜೂನ್ ಬರುವ ಮೊದಲು ಚಾಳಿನ ಪ್ರತಿ ಖೋಲಿಯಲ್ಲೂ ಮಂಚ, ಕಪಾಟು ಇಟ್ಟಿಗೆ ಏರುತ್ತಿದ್ದವು. ನಮ್ಮ ಮಷಿನ್‌ನ ಒಂದೊಂದು ಕಾಲಿಗೂ ಅಪ್ಪ ನಾಲ್ಕು ಇಟ್ಟಿಗೆ ಪೇರಿಸುತ್ತಿದ್ದ. ಮೋಟಾರ್ ಬಚಾವ್, ಆದರೆ ಟೇಬಲ್ ಅಲ್ಲಾಡಿ ಹೊಲಿಗೆ ಸೊಟ್ಟ. ನಾನು ಐದನೇ ಕ್ಲಾಸಿನಲ್ಲಿದ್ದ ಆ ಜುಲೈನಲ್ಲಿ, ನಾವು ಕಾಕು ಎಂದು ಕರೆಯುತ್ತಿದ್ದ ಪಕ್ಕದ ಖೋಲಿಯ ಹೆಂಗಸು ತಾನು ಹೊಲಿಸಿದ ಬ್ಲೌಸನ್ನು ಅಕ್ಕನ ಮುಖದ ಮುಂದೆ ಹಿಡಿದು ಆಡಿಸಿದಳು.

"ಇದ ಹೊಲಿಗಿನೋ ಘಾಟ್ ರಸ್ತಾನೋ? ಇದನ್ನ ಹಾಕ್ಕೊಂಡು ಲಗ್ನಕ್ಕ ಹೋದ್ರ ನೋಡಿದವ್ರಿಗೆ ವಾಂತಿ ಬರ್ತದ. ನಾಳಿ ಸಂಜಿಕೆ ಸೀದಾ ಮಾಡಿ ಕೊಡು. ಇಲ್ಲಾಂದ್ರ ಕುರ್ಲಾದಾಗ ಬ್ಯಾರೆ ಟೇಲರ್ ಅದಾನ. ನಮ್ಮ ಮಂದಿನ್ನೆಲ್ಲಾ ಅಲ್ಲಿಗೇ ಕಳಸ್ತೀನಿ."

ಅಕ್ಕ ನನ್ನ ಕಡೆ ತಿರುಗಿದಳು. "ಏ ಶಾಣ್ಯಾ, ನಿನ್ನ ಬಾಟ್ಲಿ ಏನಂತದ? ಇನ್ನೂ ಬರ್ತದೇನು ಈ ಮಳಿ?"

ನೋಟ್‌ಬುಕ್ ತೆಗೆದೆ. ಹಿಂದಿನ ವರ್ಷದ ಇಡೀ ಜುಲೈ ಎಷ್ಟು ಸುರಿದಿತ್ತೋ ಅಷ್ಟು ಈ ಸಲ ಆಗಲೇ ಸುರಿದಿತ್ತು. ಆ ವಾರವೇ ನಾನು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಪಾಳಿ ಬರುವಷ್ಟರಲ್ಲಿ ಅಂಗಡಿಯವನು, "ಇಸ್ ಮಹೀನೇ ಕಾ ಕೋಟಾ ಖತಮ್", ಈ ತಿಂಗಳ ಪಾಲು ಮುಗಿಯಿತು ಎಂದು ಬಾಗಿಲು ಎಳೆದಿದ್ದ. ಮಳೆಯೂ ಹಾಗೇ ಅಲ್ಲವೇ?

"ಅಕ್ಕಾ, ಜುಲೈದ ಕೋಟಾ ಮುಗದದ. ಇನ್ನ ಆಗಸ್ಟ್‌ಗೇ."

"ಖರೇನ?"

"ಬರದಿಟ್ಟೀನಿ ನೋಡು."

ತಿಂಗಳು ಮುಗಿಯಲು ವಾರವಿರುವಾಗಲೇ ಕೆಂಪು ಗೆರೆ ಎಳೆದೆ. ರೇಷನ್ನಿನ ಹಾಗೆ ಮಳೆಯ ಕೋಟಾ ಮುಗಿಯಿತು ಎಂದು ಓಣಿಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಕೂಗಿಯೂ ಬಂದೆ. ಹೊರಗೆ ಬಿಸಿಲೂ ಬಿದ್ದಿತ್ತು. ಅಕ್ಕ ಟೇಬಲ್ಲಿನ ಒಂದೊಂದೇ ಮೂಲೆ ಎತ್ತಿ ಹಿಡಿದಳು, ನಾನು ಇಟ್ಟಿಗೆ ಎಳೆದು ಬಾಗಿಲಾಚೆ ಪೇರಿಸಿದೆ. ಮಷಿನ್ ನೆಲದ ಮೇಲೆ ಗಟ್ಟಿ ನಿಂತಿತು. ಹೊಲಿಗೆ ರೈಲುಹಳಿಯಷ್ಟು ನೇರ.

ಮರುದಿನ ಮಧ್ಯಾಹ್ನ ಆಕಾಶ ರೊಟ್ಟಿ ಹಂಚಿನ ತಳದ ಹಾಗೆ ಕಪ್ಪಾಯಿತು. ಮೇಲಿನಿಂದ ಗುಡ್ಡದ ನೀರು ನುಗ್ಗಿತು. ಕೆಳಗೆ ಸಮುದ್ರಕ್ಕೆ ಭರತಿ, ಅಂದರೆ ಉಬ್ಬರ; ತುಂಬಿ ನಿಂತ ನಾಲಾ ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ. ಹೊಸ್ತಿಲು ದಾಟಿ ಮೊದಲು ಯಾರದೋ ಚಪ್ಪಲಿ ತೇಲಿ ಬಂತು, ಹಿಂದೆಯೇ ಕಂದು ನೀರು. ಅಕ್ಕ ಹಾರಿ ಮೇನ್ ಸ್ವಿಚ್ ಇಳಿಸಿದಳು.

"ಎತ್ತೋ!" ಎಂದು ಕಿರುಚಿದಳು. ಎತ್ತಿ ಎಲ್ಲಿಡುವುದು? ಇಟ್ಟಿಗೆಗಳು ಹೊರಗೆ, ನೀರಿನ ತಳದಲ್ಲಿ. ನನ್ನ ಕೈಗೆ ಆ ಕಬ್ಬಿಣ ಮಿಸುಕಲೂ ಇಲ್ಲ. ನೀರು ನನ್ನ ಮೊಣಕಾಲು ದಾಟಿತು. ಮೋಟಾರ್ ಗುಳುಗುಳು ಎಂದು ಎರಡು ಗುಳ್ಳೆ ಬಿಟ್ಟು ಮುಳುಗಿತು. ಅಕ್ಕ ಕಾಕುವಿನ ಬ್ಲೌಸನ್ನು ತಲೆಯ ಮೇಲೆ ಹಿಡಿದು ನಿಂತಿದ್ದಳು.

ಕಾಕು ತನ್ನ ಮಂಚದ ಮೇಲೆ ನಿಂತೇ ಕೂಗಿದಳು: "ಏ ಕೋಟಾ ಸಾಹೇಬಾ! ಇದು ಯಾವ ರೇಷನ್ ಅಂಗಡಿದೋ?"

ನೀರು ಇಳಿದ ಮೇಲೆ ಅಪ್ಪ ಬಂದ. ಕೆಸರಿನಲ್ಲಿ ಬಿದ್ದ ಇಟ್ಟಿಗೆಗಳನ್ನೂ ಮಷಿನ್ನನ್ನೂ ನೋಡಿದ. "ಯಾರು ಇಳಿಸಿದ್ರು?"

"ನಾನ," ಎಂದಳು ಅಕ್ಕ. ನನ್ನ ಕಡೆ ನೋಡಲೇ ಇಲ್ಲ. ಅಪ್ಪ ಎರಡು ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಮೋಟಾರ್ ರಿಪೇರಿಗೆ ಹೋಯಿತು. ಅದು ಬರುವ ತನಕ ಮೋಟಾರ್ ನಾನೇ. ಸ್ಕೂಲಿನಿಂದ ಬಂದವನೇ ಮಷಿನ್‌ನ ಚಕ್ರವನ್ನು ಕೈಯಿಂದ ತಿರುಗಿಸಬೇಕು, ಅಕ್ಕ ಬಟ್ಟೆ ಸರಿಸುತ್ತಾಳೆ. ಬೊಬ್ಬೆ ಎದ್ದ ಕೈ ತೋರಿಸಿ ಒಂದು ದಿನ ಕೇಳಿದೆ: "ಅಕ್ಕಾ, ಇವತ್ತಿನ ಕೋಟಾ ಮುಗೀತೇನು?"

"ನಿನ್ನ ಮಳಿನ್ನ ಕೇಳು. ತಿರುಗಸು."

ಆಮೇಲೆ ಅಪ್ಪ ಇಟ್ಟಿಗೆಗಳನ್ನು ಸಿಮೆಂಟಿನಿಂದ ಬೆಸೆದು ನಾಲ್ಕು ಗಿಡ್ಡ ಕಂಬ ಮಾಡಿ ಕೊಟ್ಟ. ಮಷಿನ್ ಈಗಲೂ ಅವುಗಳ ಮೇಲೇ ಇದೆ. ಅಲ್ಲಾಡುವುದಿಲ್ಲ. ಡಿಸೆಂಬರ್‌ನಲ್ಲೂ ಅಕ್ಕ ಅದನ್ನು ಇಳಿಸುವುದಿಲ್ಲ.

ಈಗ ನಿಮ್ಮ ಮನೆಯ ಮೊಬೈಲ್‌ಗೆ ಮುಂಚೆಯೇ ರೆಡ್ ಅಲರ್ಟ್ ಬರುತ್ತದೆ. ನೀವು ರಜೆ ಸಿಕ್ಕಿತು ಎಂದು ಕುಣಿಯುತ್ತೀರಿ. ಮೂರನೇ ಮಾಳಿಗೆಯ ಕಿಟಕಿಯಿಂದ ನೀರಿನ ವಿಡಿಯೋ ಮಾಡುತ್ತೀರಿ. ನನಗೆ ಅಲರ್ಟ್ ಕೊಡಲು ಇದ್ದದ್ದು ಒಂದು ಬಾಟಲಿ. ಅದು ಬಿದ್ದದ್ದನ್ನು ಹೇಳುತ್ತಿತ್ತು, ಬೀಳುವುದನ್ನಲ್ಲ. ಇಷ್ಟು ಸಣ್ಣ ಸಂಗತಿ ತಿಳಿಯಲು ನಾನು ಅಕ್ಕನ ಮೋಟಾರನ್ನೇ ಮುಳುಗಿಸಬೇಕಾಯಿತು.

ನಿಮ್ಮ ಮನೆಗೂ ನೀರು ನುಗ್ಗಿತ್ತೇ? ಮಂಚದ ಕೆಳಗೆ ಎಷ್ಟು ಇಟ್ಟಿಗೆ ಇಟ್ಟಿರಿ, ಯಾವುದನ್ನು ಮೊದಲು ಎತ್ತಿದಿರಿ, ಯಾವುದು ಕೈತಪ್ಪಿತು? ಅಮ್ಮ ಅಪ್ಪನನ್ನೂ ಕೇಳಿ ಬರೆಯಿರಿ. ನನ್ನ ನೋಟ್‌ಬುಕ್ಕಿನಲ್ಲಿ ಜಾಗವಿದೆ. ಕೆಂಪು ಗೆರೆ ಇನ್ನೂ ಎಳೆದಿಲ್ಲ.