ತಣ್ಣನೆಯ ಇಂಜಿನ್ನಿನ ಮೂರು ಸೆಕೆಂಡು

ಕಿವಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಮೂವತ್ತೊಂದು ವರ್ಷದಿಂದ ಬೈಕ್ ಮೆಕ್ಯಾನಿಕ್ಕು. ಆದರೆ ಸ್ಪೋರ್ಟ್ಸ್ ಬೈಕಿನ ಹುಚ್ಚು ಹತ್ತಿದ ಯಾರೇ ಆಗಲಿ, ಸೆಕೆಂಡ್ ಹ್ಯಾಂಡ್ ಗಾಡಿಗೆ ಕೈ ಹಾಕುವ ಮೊದಲು ಅವರನ್ನು ಕರೆದೊಯ್ದು ತೋರಿಸದೆ ಇರುತ್ತಿರಲಿಲ್ಲ. ಅವರ ಚೀಲದಲ್ಲಿ ಮರದ ಹಿಡಿಯ, ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಇರುತ್ತಿತ್ತು. ಅದರ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ ನಿಂತರೆಂದರೆ ಮಾರುವವನು ಆಗಲೇ ಬೆಲೆ ಇಳಿಸಲು ಶುರುಮಾಡುತ್ತಿದ್ದ. ಕೊಳ್ಳು, ಬಿಡು ಎಂದು ಅವರು ಬಾಯಿಬಿಟ್ಟು ಹೇಳಿದ್ದೇ ಇಲ್ಲ. 'ಗಾಡಿ ಮಾತಾಡ್ತು' ಎಂದರೆ ಧೈರ್ಯವಾಗಿ ಕೊಳ್ಳಬಹುದು. 'ಮುಚ್ಚಿಡ್ತಿದೆ' ಎಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಬೇಕು, ಅಷ್ಟೇ.

ಆ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮೇಷ್ಟ್ರು ಒಂದು ಕೆಂಪು ಬೈಕಿನ ಮುಂದೆ ನಿಂತಿದ್ದರು. ಪಕ್ಕದಲ್ಲಿ ಅವರ ಅಕ್ಕನ ಮಗಳು. ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಇಪ್ಪತ್ತಾರರ ಪ್ರಾಯ, ಕಾಲೇಜಿನಿಂದಲೂ ಇಂಥದ್ದೊಂದು ಗಾಡಿಯ ಕನಸು ಕಂಡವಳು. ಫ್ಯಾಕ್ಟರಿಗೆ ಹೆದ್ದಾರಿಯಲ್ಲಿ ಮೂವತ್ತೈದು ಕಿಲೋಮೀಟರು ಹೋಗಬೇಕು. ಅವಳ ತಾಯಿ ಎರಡು ವರ್ಷ ಸುತರಾಂ ಒಪ್ಪದೆ, ಕೊನೆಗೆ ಆ ದಿನ ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿದ್ದಳು.

"ನಂಗೆ ಬೈಕ್ ವಿಷಯ ಏನೂ ಗೊತ್ತಿಲ್ಲ ಕಣೋ. ನಂಗೆ ನೀನ್ ಗೊತ್ತು, ಅಷ್ಟೇ. ನೀನು ಹೂಂ ಅಂದ್ರೆ ನಾನೂ ಹೂಂ. ಇರೋದು ಒಬ್ಳೇ ಮಗಳು, ನೆನಪಿರ್ಲಿ."

"ನಾನಿಲ್ವಾ ಅಕ್ಕ" ಎಂದಿದ್ದರು ಮೇಷ್ಟ್ರು.

ಗಾಡಿ ಮಾರುವವನು ಒಬ್ಬ ಫೋಟೋಗ್ರಾಫರ್. ಮಹಡಿಯ ಮೇಲೆ ಮನೆ, ಕೆಳಗೆ ನೀರಿನ ಪಂಪಿನ ಪಕ್ಕ ಗಾಡಿ. ಮೇಷ್ಟ್ರು ಬೇರೇನನ್ನೂ ನೋಡದೆ ಮೊದಲು ಪ್ಲಾಸ್ಟಿಕ್ ಹೊದಿಕೆಯಾದ ಫೇರಿಂಗಿನ ಸಂದಿಯಲ್ಲಿ ಕೈ ತೂರಿಸಿ ಅಂಗೈಯನ್ನು ಇಂಜಿನ್ನಿನ ಮೇಲಿಟ್ಟರು. ಇಟ್ಟದ್ದೇ ತಡ, ತೆಗೆದರು.

"ಬಿಸಿಯಿದೆಯಲ್ಲಪ್ಪಾ."

"ಬ್ಯಾಟರಿ ಚಾರ್ಜ್ ಆಗ್ಲಿ ಅಂತ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿಟ್ಟಿದ್ದೆ ಸರ್."

"ಆರ್ಲಿ. ಕಾಯ್ತೀವಿ."

"ಆರೋಕೆ ಮೂರು ಗಂಟೆ ಬೇಕಲ್ಲ ಸರ್! ಆರು ಗಂಟೆಗೆ ಇನ್ನೊಬ್ರು ಬರ್ತಾರೆ. ಅವರು ದುಡ್ಡು ಹಿಡ್ಕೊಂಡೇ ಬರ್ತಾರೆ."

"ಬರ್ಲಿ. ಅಷ್ಟರೊಳಗೆ ನಮ್ಮದು ಮುಗಿದಿರುತ್ತೆ."

ಇದು ಮೇಷ್ಟ್ರ ಹಟವಲ್ಲ, ಅವರ ವಿದ್ಯೆಯ ಬುಡವೇ ಇದು. ನಿಂತ ಇಂಜಿನ್ನಿನಲ್ಲಿ ಆಯಿಲ್ಲೆಲ್ಲ ಕೆಳಗಿಳಿದು ಕೂತಿರುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಅದು ಮೇಲೇರಿ ಎಲ್ಲ ಕಡೆ ಮುಟ್ಟಲು ಮೂರು ಸೆಕೆಂಡು ಬೇಕು. ಒಳಗಿನ ಟೈಮಿಂಗ್ ಚೈನ್ ಸಡಿಲವಾಗಿದ್ದರೆ ಆ ಮೂರು ಸೆಕೆಂಡಿನಲ್ಲಿ ಸಣ್ಣಗೆ ಕರಕರ ಎನ್ನುತ್ತದೆ. ಆಯಿಲ್ ಮುಟ್ಟಿತೋ, ಸದ್ದಡಗಿತು. ಆಮೇಲೆ ಸಾಯಲು ಬಿದ್ದ ಇಂಜಿನ್ನೂ ಹಾಡು ಹೇಳುತ್ತದೆ. ಅಂಥ ಚೈನು ಹೆದ್ದಾರಿಯಲ್ಲಿ, ನೂರರ ವೇಗದಲ್ಲಿ, ಒಂದು ಹಲ್ಲು ಜಿಗಿದರೆ ಇಂಜಿನ್ ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ಗಪ್ಪನೆ ನಿಲ್ಲುತ್ತದೆ. ಮೇಲೆ ಕೂತವರ ಗತಿಯನ್ನು ಬಿಡಿಸಿ ಹೇಳುವುದು ಬೇಡ. ಅದಕ್ಕೇ ಬುದ್ಧಿವಂತ ಮಾರಾಟಗಾರರು ಗಿರಾಕಿ ಬರುವ ಮುಂಚೆಯೇ ಗಾಡಿ ಬಿಸಿ ಮಾಡಿಟ್ಟಿರುತ್ತಾರೆ.

ಕಾಯುವ ಹೊತ್ತಿನಲ್ಲಿ ಮೇಷ್ಟ್ರು ಕಣ್ಣಿನ ಕೆಲಸ ಮುಗಿಸಿದರು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಅದನ್ನು ತಡೆಯುವ ಫ್ರೇಮಿನ ಉಬ್ಬನ್ನು ಬೆರಳಿನಿಂದ ಸವರಿದರು. ಜೋರಾಗಿ ಬಿದ್ದ ಗಾಡಿಯಾದರೆ ಅಲ್ಲಿ ನಗ್ಗಿರುತ್ತದೆ, ಎಷ್ಟೇ ಬಣ್ಣ ಬಳಿದರೂ ಅದು ಮರೆಯಾಗುವುದಿಲ್ಲ. ನಗ್ಗಿರಲಿಲ್ಲ. ಮುಂದಿನ ಫೋರ್ಕಿನಲ್ಲಿ ಆಯಿಲ್ ಜಿನುಗಿರಲಿಲ್ಲ. ದಾರ ಹಿಡಿದು ನೋಡಿದರೆ ಎರಡು ಚಕ್ರಗಳೂ ಒಂದೇ ಗೆರೆಯಲ್ಲಿದ್ದವು. ಹುಳುಕು ಹುಡುಕಿ ಹುಡುಕಿ ಸಿಗದೆ ಹೋದಂತೆಲ್ಲ ಮೇಷ್ಟ್ರ ಮುಖ ಚಿಕ್ಕದಾಗುತ್ತ ಬಂತು. ಅಕ್ಕನ ಮಗಳ ಮುಖ ಅರಳುತ್ತ ಹೋಯಿತು.

"ಎಲ್ಲಾ ಚೆನ್ನಾಗಿದೆ ಅಲ್ವಾ ಮಾವ?"

"ಇನ್ನೂ ಇಂಜಿನ್ ಕೇಳ್ಬೇಕಲ್ಲ ಮಗಳೇ."

ಮೇಲಿನ ಕೋಣೆಯಲ್ಲಿ ಇಬ್ಬರನ್ನೂ ಕೂರಿಸಿ ಫೋಟೋಗ್ರಾಫರ್ ತನ್ನ ಕಂಪ್ಯೂಟರಿನ ಮುಂದೆ ಕೂತ. ಗೋಡೆ ತುಂಬ ಯಾರ್ಯಾರದೋ ನಗುಮುಖಗಳು. ಅವುಗಳ ನಡುವೆ ಒಂದು ಗಡಿಯಾರ, ಅದರ ಸೆಕೆಂಡಿನ ಮುಳ್ಳು ಕುಪ್ಪಳಿಸಿ ಕುಪ್ಪಳಿಸಿ ಸಾಗುತ್ತಿತ್ತು. ಹಾಗೆ ಕುಪ್ಪಳಿಸುವ ಮುಳ್ಳು ಸದ್ದು ಮಾಡಲೇಬೇಕು. ಮೇಷ್ಟ್ರು ಉಸಿರು ಬಿಗಿಹಿಡಿದು ಆಲಿಸಿದರು.

"ಏ ಹುಡುಗಿ, ಆ ಗಡಿಯಾರ ಸದ್ದು ಮಾಡ್ತಿದೆಯಾ?"

"ಅಯ್ಯೋ, ಆಗಿಂದ ತಲೆಗೆ ಮೊಳೆ ಹೊಡೆದ ಹಾಗೆ ಟಕ್ ಟಕ್ ಅಂತಿದೆ. ಯಾಕೆ?"

"ಸುಮ್ನೆ ಕೇಳ್ದೆ."

ಮೇಷ್ಟ್ರಿಗೆ ಅದು ಹೊಸ ಸುದ್ದಿಯೇನಲ್ಲ. ವರ್ಷದಿಂದ ಮನೆಯಲ್ಲಿ ಫೋನ್ ಹೊಡೆದುಕೊಂಡರೂ ಏಳುತ್ತಿರಲಿಲ್ಲ. ಹೆಂಡತಿ ಅದನ್ನು ಜಾಣಕಿವುಡು ಎಂದು ಬೈಯುತ್ತಿದ್ದಳು, ಅವರೂ ಬೈಸಿಕೊಂಡು ಹಾಯಾಗಿದ್ದರು. ನಿಜವಾದ ಕಿವುಡಿಗಿಂತ ಜಾಣಕಿವುಡು ಮರ್ಯಾದೆಯದಲ್ಲವೇ? ನಾಲ್ಕು ತಿಂಗಳ ಹಿಂದೆ, ಗುರುತಿನವರು ಯಾರೂ ಇಲ್ಲದ ಬಡಾವಣೆಯ ಒಬ್ಬ ಕಿವಿ ಡಾಕ್ಟರ ಹತ್ತಿರ ಕದ್ದು ಹೋಗಿದ್ದರು. ದಪ್ಪ ಸದ್ದು ಕೇಳಿಸುತ್ತದೆ, ಸಣ್ಣ ಸದ್ದು ಹೋಗಿದೆ, ಅದು ತಿರುಗಿ ಬರುವುದಿಲ್ಲ ಎಂದರು ಡಾಕ್ಟರು. ಮೇಷ್ಟ್ರು ಆ ಚೀಟಿಯನ್ನು ನಾಲ್ಕಾಗಿ ಮಡಚಿ ಸ್ಪ್ಯಾನರ್ ಡಬ್ಬಿಯ ತಳದಲ್ಲಿಟ್ಟು, ಮೇಲೆ ಸ್ಪ್ಯಾನರ್ ಜೋಡಿಸಿದರು.

ಅಷ್ಟಕ್ಕೆ ನಿಂತಿದ್ದರೆ ಅಯ್ಯೋ ಪಾಪ ಎನ್ನಬಹುದಿತ್ತು. ಆದರೆ ಇಲ್ಲಿ ನಾನು ಅವರ ಪರ ವಹಿಸಲಾರೆ. ಚೀಟಿ ಮಡಚಿಟ್ಟ ಮೇಲೂ ಅವರು ಒಂಬತ್ತು ಗಾಡಿಗಳಿಗೆ ಸ್ಕ್ರೂಡ್ರೈವರ್ ಆನಿಸಿ, ಕಣ್ಣು ಮುಚ್ಚಿ, ಏನೂ ಕೇಳಿಸದೆ 'ಗಾಡಿ ಮಾತಾಡ್ತು' ಎಂದಿದ್ದರು. ಕೇಳಿಸದಿದ್ದರೆ ಸದ್ದೇ ಇಲ್ಲ ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಒಂಬತ್ತು ಜನ ಆ ಮಾತನ್ನು ನಂಬಿ ಗಾಡಿ ಓಡಿಸುತ್ತಿದ್ದರು.

ನಾಲ್ಕೂವರೆಗೆ ಒಮ್ಮೆ, ಐದಕ್ಕೆ ಒಮ್ಮೆ ಕೆಳಗಿಳಿದು ಇಂಜಿನ್ ಮುಟ್ಟಿ ಬಂದರು. ಇನ್ನೂ ಬೆಚ್ಚಗಿತ್ತು. ಐದೂವರೆಯ ಹೊತ್ತಿಗೆ ಮನಸ್ಸಿನಲ್ಲಿ ಒಂದು ಉಪಾಯ ಹೊಳೆಯಿತು. ಸ್ಟಾರ್ಟ್ ಮಾಡಿಸುವುದು, ಕಿವಿಗೊಡುವುದು, 'ಮುಚ್ಚಿಡ್ತಿದೆ' ಎಂದುಬಿಡುವುದು. ಗಾಡಿ ಒಳ್ಳೆಯದಾಗಿದ್ದರೂ ಇರಲಿ. ಹುಡುಗಿ ಒಂದು ದಿನ ಅತ್ತಾಳು, ಬದುಕಿರುತ್ತಾಳೆ. ತನ್ನ ಹೆಸರೂ ಉಳಿಯುತ್ತದೆ. ಆ ನಿರ್ಧಾರ ಮಾಡಿದ ಮೇಲೆ ಮೇಷ್ಟ್ರಿಗೆ ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಮಧ್ಯಾಹ್ನದಿಂದ ಮುಟ್ಟದೆ ಇಟ್ಟಿದ್ದ ನೀರನ್ನು ಒಂದೇ ಗುಟುಕಿಗೆ ಕುಡಿದರು.

ಆರಕ್ಕೆ ಹತ್ತು ನಿಮಿಷವಿದ್ದಾಗ ಮೂವರೂ ಮೆಟ್ಟಿಲಿಳಿದರು. ಅಕ್ಕನ ಮಗಳು ಮೇಷ್ಟ್ರ ತೋಳು ಹಿಡಿದು, ಮುಂದೆ ಹೋಗುತ್ತಿದ್ದ ಫೋಟೋಗ್ರಾಫರನಿಗೆ ಕೇಳಿಸದಂತೆ ಅವರ ಕಿವಿಯ ಹತ್ತಿರ ಬಾಯಿ ತಂದಳು.

"ನೀವು ಇದು ಬೇಡ ಅಂದ್ರೂ ಬೇಜಾರಿಲ್ಲ ಮಾವ. ಬೇಕರಿಯವರ ತಮ್ಮ ತನ್ನ ನೀಲಿ ಗಾಡಿ ಕೊಡ್ತಾನಂತೆ. ಇದೇ ಮಾಡೆಲ್ಲು. ಅದನ್ನ ಮೂರು ತಿಂಗಳ ಹಿಂದೆ ನೀವೇ ನೋಡಿ ಓಕೆ ಮಾಡಿದ್ದಲ್ವಾ? ಅದಾದ್ರೆ ಮತ್ತೆ ನೋಡೋ ತಾಪತ್ರಯವೂ ಇಲ್ಲ. ನಾಳೆನೇ ತಗೊಂಡುಬಿಡ್ತೀನಿ."

ಮೇಷ್ಟ್ರು ಕೊನೆಯ ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಂತರು. ಒಂಬತ್ತರಲ್ಲಿ ಅದು ಎರಡನೆಯ ಗಾಡಿ. ಅದಕ್ಕೆ ಕಿವಿಯಿಟ್ಟಾಗ ದಪ್ಪ ಗುಡುಗುಡು ಬಿಟ್ಟು ಇನ್ನೇನೂ ಕೇಳಿಸಿರಲಿಲ್ಲ ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ಯಾವ ಕಡೆ ತಿರುಗಿದರೂ ತಮ್ಮದೇ ಸುಳ್ಳು ದಾರಿಗೆ ಅಡ್ಡ ನಿಂತಿತ್ತು.

ಇಂಜಿನ್ ತಣ್ಣಗಾಗಿತ್ತು. ಫೋಟೋಗ್ರಾಫರ್ ಕೀ ತಿರುಗಿಸಿ, ಬಟನ್ನಿನ ಮೇಲೆ ಹೆಬ್ಬೆರಳಿಟ್ಟ.

"ಮಾಡ್ಲಾ ಸರ್?"

"ತಡಿ!" ಮೇಷ್ಟ್ರ ದನಿಗೆ ಅವನು ಬೆಚ್ಚಿ ಕೈ ತೆಗೆದ. "ಮುಟ್ಬೇಡ. ಒಂದು ನಿಮಿಷ."

ಅವರು ಅಕ್ಕನ ಮಗಳ ಕಡೆ ತಿರುಗಿದರು.

"ನಂಗೆ ಕೇಳ್ಸಲ್ಲ."

"ಏನು ಕೇಳ್ಸಲ್ಲ?"

"ಸಣ್ಣ ಸದ್ದು ಯಾವ್ದೂ ಕೇಳ್ಸಲ್ಲ ಮಗಳೇ. ಆ ಗಡಿಯಾರಾನೂ ಕೇಳ್ಲಿಲ್ಲ. ಡಾಕ್ಟ್ರಿಗೆ ತೋರ್ಸಿ ನಾಲ್ಕು ತಿಂಗಳಾಯ್ತು. ಯಾರಿಗೂ ಹೇಳಿಲ್ಲ."

ಅವಳು ನಗಲು ಹೋದಳು, ಮನೆಯವರಿಗೆಲ್ಲ ಗೊತ್ತಿರುವ ಜಾಣಕಿವುಡಿನ ತಮಾಷೆಯೆಂದೇ ತಿಳಿದು. ಅವರ ಮುಖ ನೋಡಿ ನಗು ಅಲ್ಲೇ ನಿಂತಿತು.

"ಹಾಗಾದ್ರೆ ಆ ನೀಲಿ ಗಾಡಿ?"

"ಅದರದ್ದೂ ಕೇಳ್ಸಿರ್ಲಿಲ್ಲ."

ಫೋಟೋಗ್ರಾಫರ್ ಕೈಗಡಿಯಾರ ನೋಡಿಕೊಂಡ. "ಸರ್, ಅವರು ಬರೋ ಹೊತ್ತಾಯ್ತು."

"ಇರಪ್ಪಾ. ನಿನ್ ಗಾಡಿ ಎಲ್ಲೂ ಓಡಿಹೋಗಲ್ಲ." ಮೇಷ್ಟ್ರು ಸ್ಕ್ರೂಡ್ರೈವರನ್ನು ಅಕ್ಕನ ಮಗಳ ಕೈಗೆ ಕೊಟ್ಟರು. ಬೇರೆ ಯಾರ ಕೈಗೂ ಅವರು ಅದನ್ನು ಕೊಟ್ಟಿರಲಿಲ್ಲ. "ನಿನ್ ಲೈನಲ್ಲಿ ಎಷ್ಟು ಮಿಷಿನ್ನು?"

"ನಲವತ್ತು."

"ಒಂದು ಕೆಡೋ ಮುಂಚೆ ನಿಂಗೆ ಹೇಗೆ ಗೊತ್ತಾಗುತ್ತೆ?"

"ಸದ್ದು ಬದಲಾಗುತ್ತೆ. ಬಾಬಿನ್ ಸಡಿಲವಾಗಿದ್ರೆ ಆ ಮೂಲೆಯಿಂದಾನೇ ಗೊತ್ತಾಗುತ್ತೆ."

"ಹಾಗೇ ಕೇಳು. ತುದಿ ಇಲ್ಲಿ ಒತ್ತು. ಹಿಡಿ ಕಿವಿ ಹಿಂದೆ. ಗುಡುಗುಡು ಸದ್ದನ್ನ ಬಿಟ್ಟಾಕು, ಅದರ ಮೇಲೆ ಸಣ್ಣಗೆ ಏನಾದ್ರೂ ಇದೆಯಾ ನೋಡು, ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದ ಹಾಗೆ. ಮೂರೇ ಸೆಕೆಂಡು. ಇವತ್ತಿಗೆ ಇದೊಂದೇ ಸಲ ಸಿಗೋದು."

ಅವಳು ಮಂಡಿಯೂರಿ ಕೂತಳು, ಕಣ್ಣು ಮುಚ್ಚಿದಳು. ಮೇಷ್ಟ್ರು ತಲೆಯಾಡಿಸಿದರು. ಫೋಟೋಗ್ರಾಫರ್ ಬಟನ್ ಒತ್ತಿದ.

ಇಂಜಿನ್ ಎದ್ದಿತು. ಮೇಷ್ಟ್ರು ಗಾಡಿಯನ್ನು ನೋಡಲಿಲ್ಲ, ಹುಡುಗಿಯ ಹುಬ್ಬನ್ನೇ ನೋಡುತ್ತಿದ್ದರು. ಒಂದು. ಹುಬ್ಬು ಕದಲಲಿಲ್ಲ. ಎರಡು. ಹುಬ್ಬು ಗಂಟಿಕ್ಕಿತು. ಮೂರು. ಅವಳು ಕಣ್ಣು ತೆರೆದಳು.

"ಇತ್ತು ಮಾವ. ಕರಕರ ಅಂತ ಬಂತು. ಆಮೇಲೆ ಯಾರೋ ಬಾಯಿ ಮುಚ್ಚಿದ ಹಾಗೆ ನಿಂತ್ಹೋಯ್ತು."

"ಅಷ್ಟು ಸದ್ದು ಎಲ್ಲಾ ಗಾಡೀಲೂ ಇರುತ್ತೆ ಬಿಡಿ ಸರ್" ಎಂದ ಫೋಟೋಗ್ರಾಫರ್. ಆದರೆ ಯಾರ ಮುಖವನ್ನೂ ನೋಡಲಿಲ್ಲ.

"ಟೈಮಿಂಗ್ ಚೈನು, ಅದನ್ನ ಬಿಗಿ ಹಿಡಿಯೋ ಟೆನ್ಷನರ್ರು ಎರಡೂ ಹೊಸದು ಹಾಕ್ಸು. ಅಲ್ಲೀತನಕ ನೀನೂ ಓಡಿಸ್ಬೇಡ. ಆರು ಗಂಟೆಯವರಿಗೂ ಈ ಮಾತು ಹೇಳ್ತೀಯಾ, ಇಲ್ಲ ನಾನೇ ಇಲ್ಲಿ ನಿಂತು ಹೇಳ್ಲಾ?"

"ಹೇಳ್ತೀನಿ ಸರ್."

ಮೇಷ್ಟ್ರು ನಂಬಲಿಲ್ಲ. ಆರು ಗಂಟೆಯವನು ಬರುವ ತನಕ ಗೇಟಿನ ಹತ್ತಿರವೇ ನಿಂತು, ಫೋಟೋಗ್ರಾಫರನ ಬಾಯಿಂದಲೇ ಹೇಳಿಸಿ ಹೊರಟರು.

ಬೀದಿಯಲ್ಲಿ ಅಕ್ಕನ ಮಗಳು ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ತಿರುವಿನಲ್ಲಿ ಗಕ್ಕನೆ ನಿಂತಳು.

"ನೀಲಿ ಒಂದೇನಾ?"

"ಒಂಬತ್ತು."

"ಒಂಬತ್ತು ಜನಾನಾ ಮಾವ! ಅಮ್ಮ ನಿಮ್ಮ ಮೇಲೆ ನಂಬಿಕೆ ಇಟ್ಟ ಹಾಗೇ ಅವರ ಮನೆಯವರೂ ಇಟ್ಟಿರ್ತಾರಲ್ವಾ? ನಿಮಗೆ ನಿದ್ದೆ ಹೇಗೆ ಬಂತು?"

ಮೇಷ್ಟ್ರು ನಡುಬೀದಿಯಲ್ಲಿ, ಐವತ್ತೆಂಟರ ಪ್ರಾಯದಲ್ಲಿ, ತಲೆ ತಗ್ಗಿಸಿ ನಿಂತರು. ನಾಚಿಕೆಯಿಂದ ಅವರ ಮೈ ಹಿಡಿಯಾಗಿತ್ತು. ಅವಳು ಸಮಾಧಾನ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಚೀಲದಿಂದ ಪೆನ್ನು ತೆಗೆದು, ಫ್ಯಾಕ್ಟರಿಯ ಹಳೆಯ ಚೀಟಿಯ ಬೆನ್ನಿಗೆ ಒಂದು ಎಂದು ಬರೆದು, "ಹೇಳಿ, ಯಾರ್ಯಾರ ಮನೆ" ಎಂದಳು.

ಮರುದಿನ ಬೆಳಿಗ್ಗೆ ಆರಕ್ಕೆ ಮುಂಚೆ ಇಬ್ಬರೂ ಬೇಕರಿಯವನ ಮನೆಯ ಬಾಗಿಲು ತಟ್ಟಿದರು. ಹೊತ್ತೇರಿದರೆ ಜನ ಗಾಡಿ ಹತ್ತಿ ಕೆಲಸಕ್ಕೆ ಹೊರಟುಬಿಡುತ್ತಾರೆ. ಬೇಕರಿಯವನ ತಮ್ಮ ಬ್ರಷ್ ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದ. ಹೆಲ್ಮೆಟ್ಟು ಆಗಲೇ ಹ್ಯಾಂಡಲಿಗೆ ನೇತುಬಿದ್ದಿತ್ತು.

"ಇವತ್ತು ಸ್ಟಾರ್ಟ್ ಮಾಡಿದೀಯಾ?" ಎಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ, ಯಾಕೆ? ಗಾಡಿ ಮಾತಾಡ್ತು ಅಂತ ನೀವೇ ಅಂದಿದ್ರಲ್ಲ?"

ಮೇಷ್ಟ್ರು ಇಂಜಿನ್ನಿನ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಅಕ್ಕನ ಮಗಳು ಮಂಡಿಯೂರಿ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಹಿಂದಕ್ಕೆ ಆನಿಸಿ ಕಣ್ಣು ಮುಚ್ಚಿದಳು. ಹುಡುಗ ಏನೂ ಅರ್ಥವಾಗದೆ ಬಟನ್ ಒತ್ತಿದ.

ಎರಡನೆಯ ಸೆಕೆಂಡಿಗೇ ಅವಳ ಹುಬ್ಬು ಗಂಟಿಕ್ಕಿತು.

ಮೇಷ್ಟ್ರು ಕೈ ಚಾಚಿ ತಾವೇ ಇಂಜಿನ್ ಆರಿಸಿದರು, ಕೀ ಕಿತ್ತು ಹುಡುಗನ ಅಂಗೈಯಲ್ಲಿಟ್ಟು ಅವನ ಬೆರಳು ಮಡಚಿದರು.

"ಇವತ್ತು ಬಸ್ಸಲ್ಲಿ ಹೋಗು ಮಗನೇ. ಅವತ್ತು ನಂಗೆ ಏನೂ ಕೇಳ್ಸಿರ್ಲಿಲ್ಲ. ಸುಳ್ಳು ಹೇಳಿದ್ದೆ. ನಿಮ್ಮಣ್ಣನನ್ನ ಕರಿ, ಅವನಿಗೂ ನಾನೇ ಹೇಳ್ತೀನಿ."

ಹುಡುಗ ಬಾಯಲ್ಲಿದ್ದ ಬ್ರಷ್ಷನ್ನು ಮರೆತು ಅವರನ್ನೇ ನೋಡಿದ. ಅಕ್ಕನ ಮಗಳು ಚೀಟಿಯಲ್ಲಿ ಒಂದು ಗೆರೆ ಎಳೆದಳು.

"ಬೇಗ ಹೇಳಿ ಬನ್ನಿ ಮಾವ" ಎಂದಳು. "ಇನ್ನೂ ಎಂಟು ಮನೆ ಇದೆ. ಅವರು ಗಾಡಿ ತೆಗೆಯೋ ಮುಂಚೆ ಹೋಗ್ಬೇಕು."