ಹೊಗೂಕಿಂತ ಮೊದಲೇ ಬಿಟ್ಟ ಮನಿ

ಒಂದೇ ವರ್ಷದಾಗ ಔರಾದ್, ಭಾಲ್ಕಿ, ಈಗ ಬೀದರ್, ಮೂರನೇ ನೌಕರಿರಿ ನಂದು, ಸಾಕಾಗಿ ಹೋಗಿತ್ತು! ಯೂನಿವರ್ಸಿಟಿ ಆಫೀಸಿನ ಮುಂದ ಸಾಮಾನಿನ ಟೆಂಪೊ ನಿಂತದ, ಭಾಲ್ಕಿ ಬಾಡಿಗಿ ಮನಿಗಿ ಆಗಲೇ ಬ್ಯಾರೇದವರು ಬಂದಾರ, ಇಲ್ಲಿ ಕ್ಲರ್ಕ್ ಸಾಹೇಬ್ರು ಕ್ವಾರ್ಟರ್ಸ್ ಕೀಲಿನೇ ಕೊಡವಲ್ರು!

“ನೌಕರಿ ಬದಲಿ ಮಾಡಿ ಬಂದವರು ಹಳೇ ಕ್ವಾರ್ಟರ್ಸ್ ಖಾಲಿ ಮಾಡಿದ ಪತ್ರ ಕೊಡಬೇಕ್ರಿ ಮೇಡಂ.”

“ನಾ ಯಾವತ್ತೂ ಕ್ವಾರ್ಟರ್ಸ್‌ನಾಗ ಇದ್ದೇ ಇಲ್ರಿ ಸಾಹೇಬ್ರ!”

“ಖರೇ ಅದರಿ, ಆದ್ರ ಪತ್ರ ಬೇಕ್ರಿ.”

ಟೆಂಪೊದಾಗ ಗಾದಿ ಮ್ಯಾಲ ಕೂತಿದ್ದ ಅವ್ವ ಆಫೀಸಿನ ಕಿಟಕಿಗಿ ಕೇಳೂಹಂಗ ಒದರಿದಳು, “ಹಂಗಾದ್ರ ನೀವೇ ಒಂದು ಬರ್ದು ಕೊಡ್ರಿಯಪ್ಪಾ!”

ಅವರು ಖರೇನೇ ಬರದ್ರು! ಈಗ ಕೊಡಬೇಕಾದ ಅದೇ ಕ್ವಾರ್ಟರ್ಸ್ ಮುಂಜಾನಿ ನನಗ ಕೊಟ್ಟಂಗ, ಮಧ್ಯಾಹ್ನ ನಾ ಖಾಲಿ ಮಾಡಿದಂಗ, ಸಂಜಿಗಿ ಮತ್ತ ಕೊಟ್ಟಂಗ. ಕೀಲಿ ಕೈಗಿ ಬಂತು.

ನೌಕರಿ ಬಿಡೂದು ರೂಢಿ ಆಗ್ಯಾದ್ರಿ. ಆದ್ರ ಒಳಗ ಕಾಲಿಡೂ ಮೊದಲೇ ಬಿಟ್ಟಿದ್ದು ಇದೊಂದೇ ಮನಿ ನೋಡ್ರಿ.